ತೊಳೆದ ಹೊಗೆ, ಬಿಟ್ಟ ಕಾಫಿ

ಚಿಕ್ಕಬೈರಪ್ಪನವರ ಮನೆಯಲ್ಲಿ ಕಾಫಿ ನಿಂತುಹೋಗಿ ಎರಡು ವರ್ಷವಾಗಿತ್ತು. ಯಡಿಯೂರಿನಂಥ ಯಡಿಯೂರಿನಲ್ಲಿ, ಬೆಳಿಗ್ಗೆ ಬಾಗಿಲು ತೆಗೆದರೆ ಎಡಗಡೆಯ ಮನೆಯಿಂದ ಡಿಕಾಕ್ಷನ್ನಿನ ಘಮ, ಬಲಗಡೆಯ ಮನೆಯಿಂದ ಹಾಲು ಕಾಯುವ ವಾಸನೆ ಬರುವ ಬೀದಿಯಲ್ಲಿ, ಅವರೊಬ್ಬರ ಮನೆಯಿಂದ ಮಾತ್ರ ಜೀರಿಗೆ ಕಷಾಯದ ಹಬೆ ಏಳುತ್ತಿತ್ತು. ಬಂದ ನೆಂಟರಿಗೂ ಅದೇ ಕಷಾಯ. ಒಂದು ಸಲ ಕುಡಿದವರು ಎರಡನೆಯ ಸಲ ಬರುವಾಗ ಚಪ್ಪಲಿ ಬಿಡುವ ಮೊದಲೇ "ಈಗಷ್ಟೇ ಆಯ್ತು, ಏನೂ ಬೇಡ" ಎಂದುಬಿಡುತ್ತಿದ್ದರು. ಮೂರನೆಯ ಸಲ ಫೋನಿನಲ್ಲೇ ಮುಗಿಸುತ್ತಿದ್ದರು.

ಕಾಫಿ ನಿಂತದ್ದಕ್ಕೆ ಕಾರಣ ಸಿಗರೇಟು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಚಿಕ್ಕಬೈರಪ್ಪನವರ ತಾತ ರಾಗಿ ಬೆಳೆದ ಜಾಗದಲ್ಲಿ ಅವರ ಅಪ್ಪ ಮನೆ ಕಟ್ಟಿದರು. ಅಪ್ಪ ಕಟ್ಟಿದ ಮನೆಯ ಮೇಲೆ ಇವರು ಇನ್ನೆರಡು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟರು. ಅಲ್ಲಿಗೆ ವಂಶದ ಬೇಸಾಯ ಮುಗಿಯಿತು. ಬಾಡಿಗೆಯಲ್ಲಿ ಬದುಕುವ ಮನುಷ್ಯನಿಗೆ ದಿನಕ್ಕೆ ಇರುವ ಉದ್ಯೋಗ ಎರಡೇ: ಬೆಳಿಗ್ಗೆ ಮೋಟಾರು ಹಾಕುವುದು, ಸಂಜೆ ತಾರಸಿ ಹತ್ತಿ ಟ್ಯಾಂಕು ತುಂಬಿದೆಯೇ ಎಂದು ನೋಡುವುದು. ನಡುವೆ ಉಳಿಯುವ ಹೊತ್ತನ್ನು ಅವರು ಸಿಗರೇಟಿನಿಂದ ತುಂಬಿಸಿಕೊಂಡಿದ್ದರು. ಮೀಸೆ ಮೂಡುವಾಗ ಶುರುವಾದ ಚಟ ಮೀಸೆ ಬೆಳ್ಳಗಾದರೂ ಬಿಟ್ಟಿರಲಿಲ್ಲ. ಒಂದು ಸಂಜೆ ಟ್ಯಾಂಕು ನೋಡಲು ಹೊರಟವರು ಅರ್ಧ ಮೆಟ್ಟಿಲಿಗೇ ಉಬ್ಬಸ ಬಂದು ಕೂತುಬಿಟ್ಟರು. ಡಾಕ್ಟರು ಎದೆ ನೋಡಿ, "ಇನ್ನು ಸಿಗರೇಟು ಸೇದೋದಾದ್ರೆ ನನ್ನ ಹತ್ರ ಬರ್ಬೇಡಿ, ಸುಮ್ಮನೆ ಇಬ್ಬರ ಟೈಮೂ ವೇಸ್ಟು" ಎಂದು ಹೇಳಿ ಕಳಿಸಿದರು.

ಆ ಮಂಗಳವಾರವೇ ಹೆಂಡತಿ ಮುನಿಲಕ್ಷ್ಮಮ್ಮ ಅವರನ್ನು ಊರಮ್ಮನ ಗುಡಿಗೆ ಕರೆದುಕೊಂಡು ಹೋದರು (ಕರೆದುಕೊಂಡು ಎನ್ನುವುದು ಮರ್ಯಾದೆಯ ಮಾತು). ಪೂಜಾರಿ ಕರ್ಪೂರ ಹಚ್ಚಿ ಹಿಡಿದ. ಚಿಕ್ಕಬೈರಪ್ಪನವರು ಅದರ ಮೇಲೆ ಕೈಯಿಟ್ಟು, "ತಾಯಿ, ಇನ್ಮೇಲೆ ಬೀಡಿ ಸಿಗರೇಟು ಮುಟ್ಟಲ್ಲ" ಎಂದರು. ಕೈ ಬಿಸಿಯಾಗುತ್ತಿತ್ತು, ಆದ್ದರಿಂದ ಮಾತನ್ನು ಚುಟುಕಾಗಿ ಮುಗಿಸಿದರು. ಅಲ್ಲಿಗೆ ಮನೆಗೆ ಹೋಗಬಹುದೆಂದುಕೊಂಡರೆ ಮುನಿಲಕ್ಷ್ಮಮ್ಮನೂ ಕೈಚಾಚಿದರು.

"ತಾಯಿ, ಇವರು ಹೊಗೆ ಬಿಟ್ಟಿರೋವರೆಗೂ ನಾನು ಕಾಫಿ ಮುಟ್ಟಲ್ಲ."

ಚಿಕ್ಕಬೈರಪ್ಪನವರಿಗೆ ದಿಗಿಲಾಯಿತು. ಮುನಿಲಕ್ಷ್ಮಮ್ಮ ಬಿಳೇಕಹಳ್ಳಿಯಿಂದ ಮದುವೆಯಾಗಿ ಬಂದಾಗ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಹಿತ್ತಾಳೆಯ ಕಾಫಿ ಫಿಲ್ಟರನ್ನು ಇಟ್ಟುಕೊಂಡು ಬಂದವರು. ಬೆಳಗಿನ ಮೊದಲ ಲೋಟ ಗಂಟಲಿಗೆ ಇಳಿಯುವವರೆಗೆ ಆಕೆಯೊಡನೆ ಮಾತಾಡಿದವರು ಆ ಮನೆಯಲ್ಲಿ ಯಾರೂ ಸುಖಪಟ್ಟಿರಲಿಲ್ಲ.

"ನಿನಗ್ಯಾಕೆ ಬೇಕಿತ್ತೇ ಇದು? ಕೆಮ್ಮೋನು ನಾನು, ನಿನ್ನ ಕಾಫಿ ಏನ್ ಮಾಡಿತ್ತು?" ಎಂದು ದಾರಿಯಲ್ಲಿ ಕೇಳಿದರು.

"ದೇವರ ಹತ್ರ ಬರೀ ಕೇಳಕ್ಕಾಗುತ್ತೇನ್ರೀ? ನಾವೂ ಏನಾದ್ರೂ ಕೊಡ್ಬೇಕಲ್ಲ. ನಿಮ್ಮ ಹತ್ರ ಕೊಡಕ್ಕೇನಿದೆ, ಬರೀ ಹೊಗೆ. ನನ್ನ ಹತ್ರ ಇರೋದು ಕಾಫಿ ಒಂದೇ. ಅದನ್ನೇ ಕೊಟ್ಟೆ."

ಫಿಲ್ಟರು ಅಟ್ಟ ಸೇರಿತು. ತಾನು ಕುಡಿಯದ ಕಾಫಿಯನ್ನು ಇನ್ನೊಬ್ಬರಿಗೆ ಮಾಡಿಕೊಡುವಷ್ಟು ದೊಡ್ಡ ಮನಸ್ಸು ಯಾವ ಹೆಂಗಸಿಗೂ ಇರುವುದಿಲ್ಲ, ಇರಬೇಕೆಂದು ಕೇಳುವುದೂ ತಪ್ಪು. ಹೀಗೆ ಚಿಕ್ಕಬೈರಪ್ಪನವರು ಒಂದು ಚಟ ಬಿಡಲು ಹೋಗಿ ಎರಡನ್ನು ಬಿಟ್ಟರು. ಆದರೂ ಹೆಂಡತಿಯ ಮುಖ ನೋಡಿ ಹಲ್ಲು ಕಚ್ಚಿಕೊಂಡು ಒಂದು ವರ್ಷ ನಿಜವಾಗಿಯೂ ಬಿಟ್ಟಿದ್ದರು. ಅದನ್ನು ಒಪ್ಪಿಕೊಳ್ಳಬೇಕು. ಆಮೇಲೆ ಮೇಲಿನ ಮನೆಗೆ ಕೈಲಾಸ್ ಬಾಡಿಗೆಗೆ ಬಂದ.

ಕೈಲಾಸ್ ಮದುವೆ ಮಂಟಪಗಳಿಗೆ ಅಲಂಕಾರ ಮಾಡಿಸುವ ಕೆಲಸದವನು. ಮಾತು ಮೃದು. ಒಂದು ಸಂಜೆ ಚಿಕ್ಕಬೈರಪ್ಪನವರು ಟ್ಯಾಂಕು ನೋಡಲು ತಾರಸಿಗೆ ಹೋದರೆ, ಟ್ಯಾಂಕಿನ ಮರೆಯಲ್ಲಿ ಚಾಪೆ ಹಾಸಿಕೊಂಡು ಅವನು ಹುಕ್ಕಾ ಹಚ್ಚಿ ಕೂತಿದ್ದ. ಕೆಳಗೆ ಹೊಟ್ಟೆ ಉಬ್ಬಿದ ಗಾಜಿನ ಬುರುಡೆ, ಅದರಲ್ಲಿ ನೀರು. ಮೇಲೆ ಉದ್ದನೆಯ ಕತ್ತು, ತಲೆಯಲ್ಲಿ ಕೆಂಡ. ಪಕ್ಕದಲ್ಲಿ ಸುರುಳಿ ಸುತ್ತಿದ ಪೈಪು. ಎಳೆದರೆ ನೀರು ಗುಡುಗುಡು ಅನ್ನುತ್ತಿತ್ತು.

"ಹೊರಗಡೆ ಹುಕ್ಕಾ ಬಾರೆಲ್ಲಾ ಬಂದ್ ಮಾಡಿಸ್ಬಿಟ್ರು ಅಂಕಲ್. ಅದಕ್ಕೇ ಮನೇಲೇ," ಎಂದು ಅವನು ಎದ್ದು ನಿಂತ. "ಬೇಜಾರಾಗ್ಬೇಡಿ. ಇದು ಸಿಗರೇಟಿನ ತರ ಅಲ್ಲ. ಹರ್ಬಲ್. ಹೊಗೆ ನೀರೊಳಗೆ ಮುಳುಗಿ ಎದ್ದು ಬರುತ್ತೆ. ಕೊಳೆಯೆಲ್ಲಾ ನೀರಲ್ಲೇ ಉಳ್ಕೊಳುತ್ತೆ. ನೋಡಿ ಬೇಕಾದ್ರೆ."

ಚಿಕ್ಕಬೈರಪ್ಪನವರು ಬಗ್ಗಿ ನೋಡಿದರು. ನೀರು ಮಾಸಿದ ಪಂಚೆಯನ್ನು ಅದ್ದಿ ತೆಗೆದ ಹಾಗೆ ಕಂದಿತ್ತು. ಇಷ್ಟು ಕೊಳೆ ಇಲ್ಲಿಯೇ ಉಳಿಯಿತು ಎಂದ ಮೇಲೆ ಮೇಲಕ್ಕೆ ಬರುವುದು ಶುದ್ಧವಾಗಿಯೇ ಇರಬೇಕಲ್ಲ. ಮುನಿಲಕ್ಷ್ಮಮ್ಮ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯುವುದನ್ನು ದಿನವೂ ನೋಡಿದ ಮನುಷ್ಯ ಅವರು. ತೊಳೆದದ್ದನ್ನು ತಿನ್ನಬಹುದಾದರೆ ತೊಳೆದದ್ದನ್ನು ಸೇದುವುದಕ್ಕೇನು? ಪೈಪನ್ನು ಒಂದೇ ಒಂದು ಸಲ, ಬರೀ ರುಚಿಗೆ, ಬಾಯಿಗಿಟ್ಟರು. ಗಂಟಲು ಉರಿಯಲಿಲ್ಲ, ಕೆಮ್ಮು ಬರಲಿಲ್ಲ. ಬಾಯಿತುಂಬ ದ್ರಾಕ್ಷಿಯ ಪರಿಮಳ ತುಂಬಿಕೊಂಡಿತು. ಒಂದು ವರ್ಷದಿಂದ ಮುಚ್ಚಿದ್ದ ಬಾಗಿಲೊಂದು ಎದೆಯೊಳಗೆ ತೆರೆದುಕೊಂಡಿತು.

ಹರಕೆಯ ನೆನಪಾಗಲಿಲ್ಲ ಎನ್ನುವಂತಿಲ್ಲ, ಆಯಿತು. ಆದರೆ ಚಿಕ್ಕಬೈರಪ್ಪನವರು ಸೈಟು ಮಾರಿ, ಸೈಟು ಕೊಂಡು ಪಳಗಿದವರು. ಕ್ರಯಪತ್ರದ ಚಕ್ಕುಬಂದಿಯಲ್ಲಿ ಏನು ಬರೆದಿದೆಯೋ ಅದಷ್ಟೇ ಮಾರಾಟ. ಅದರಾಚೆಯ ಒಂದು ಗೇಣು ಜಾಗವೂ ಮಾರಿದವನದ್ದೇ ಎಂಬ ಜ್ಞಾನ ಅವರ ರಕ್ತದಲ್ಲಿ ಸೇರಿತ್ತು. ಅಮ್ಮನ ಮುಂದೆ ಹೇಳಿದ್ದು ಬೀಡಿ ಮತ್ತು ಸಿಗರೇಟು. ಈ ಎರಡರ ಚಕ್ಕುಬಂದಿಯಲ್ಲಿ ಹುಕ್ಕಾ ಎಲ್ಲಿಯೂ ಬರುತ್ತಿರಲಿಲ್ಲ. ಹೀಗೆ ತೀರ್ಪು ಕೊಟ್ಟುಕೊಂಡು ಅವರು ಇನ್ನೊಂದು ಸಲ ಎಳೆದರು.

ಅಂದಿನಿಂದ ಟ್ಯಾಂಕು ನೋಡುವ ಕಾರ್ಯಕ್ರಮ ಒಂದು ಗಂಟೆಯದಾಯಿತು. ಊರಿನಲ್ಲಿ ನೀರಿಗೆ ಎಷ್ಟು ತಾಪತ್ರಯವಿದೆ ಎಂಬುದನ್ನು ಅವರು ಹೆಂಡತಿಗೆ ಆಗಾಗ ವಿವರಿಸುತ್ತಿದ್ದರು. ಮುನಿಲಕ್ಷ್ಮಮ್ಮ ನಂಬಿದರು. ನಂಬದೆ ಇದ್ದದ್ದು ಅವರ ಮೂಗು.

"ಏನ್ರೀ ಇದು, ಮೈಯೆಲ್ಲಾ ದ್ರಾಕ್ಷಿ ವಾಸನೆ?"

ಚಿಕ್ಕಬೈರಪ್ಪನವರಿಗೆ ಸಕ್ಕರೆ ಕಾಯಿಲೆ ಇನ್ನೇನು ಹೊಸ್ತಿಲಲ್ಲಿ ನಿಂತಿತ್ತು. ಹಣ್ಣು ತಿನ್ನಬಾರದೆಂದು ಮನೆಯಲ್ಲಿ ಕಟ್ಟಪ್ಪಣೆ. ಈಗ ಎರಡು ತಪ್ಪುಗಳಲ್ಲಿ ಒಂದನ್ನು ಒಪ್ಪಿಕೊಳ್ಳಲೇಬೇಕಾಗಿ ಬಂದು, ಅವರು ಸಣ್ಣದನ್ನು ಆರಿಸಿಕೊಂಡರು.

"ಮೇಲಿನ ಮನೆ ಹುಡುಗ ಒಂದೆರಡು ಕೊಟ್ಟ ಕಣೇ. ಬೇಡ ಅಂದ್ರೆ ಏನಂದ್ಕೊತಾನೆ."

"ಒಂದೆರಡು ತಿಂದ್ರೆ ಅಂಗಿಗೆಲ್ಲಾ ವಾಸನೆ ಹಿಡಿಯುತ್ತಾ?"

"ಚೆನ್ನಾಗಿ ಹಣ್ಣಾಗಿತ್ತು."

ಮರುದಿನ ಬೆಳಿಗ್ಗೆ ಕಷಾಯದ ಜೊತೆಗೆ ಹಾಗಲಕಾಯಿ ರಸವೂ ಬಂತು. ಅದರ ಮಾರನೆಯ ಸಂಜೆ ಸೇಬಿನ ವಾಸನೆ ಬಂದದ್ದಕ್ಕೆ ಮರುದಿನ ಮಧ್ಯಾಹ್ನದ ಮುದ್ದೆ ಅರ್ಧಕ್ಕಿಳಿಯಿತು. ಕಲ್ಲಂಗಡಿಯ ದಿನ "ಈ ಕಾಲದಲ್ಲಿ ಕಲ್ಲಂಗಡಿ ಎಲ್ಲಿ ಸಿಗ್ತು ನಿಮಗೆ?" ಎಂಬ ಪ್ರಶ್ನೆಗೆ ಉತ್ತರ ಹೇಳುವುದರಲ್ಲಿ ಬೆವರಿದರು. ಪಾನ್ ವಾಸನೆಯ ದಿನ ಮಾತ್ರ ಮುನಿಲಕ್ಷ್ಮಮ್ಮ ಏನೂ ಅನ್ನಲಿಲ್ಲ, ವೀಳ್ಯದೆಲೆ ಜೀರ್ಣಕ್ಕೆ ಒಳ್ಳೆಯದು ಎಂದು ಸುಮ್ಮನಾದರು. ಚಿಕ್ಕಬೈರಪ್ಪನವರು ಕೈಲಾಸನಿಗೆ ಇನ್ನು ಆದಷ್ಟೂ ಪಾನನ್ನೇ ಹಾಕಲು ಹೇಳಿದರು. ಒಂದು ಸುಖಕ್ಕಾಗಿ ಇಷ್ಟೆಲ್ಲಾ ಏಗಬೇಕಾಗಿ ಬಂದು ಅವರು ನಿಜಕ್ಕೂ ದಣಿದಿದ್ದರು.

ಅದರ ಮೇಲೆ ತಲೆನೋವು. ತಾರಸಿಯಿಂದ ಇಳಿದ ಮೇಲೆ ಹಣೆ ಸಿಡಿಯುತ್ತಿತ್ತು, ಒಮ್ಮೊಮ್ಮೆ ಗೋಡೆ ಸುತ್ತಿದ ಹಾಗಾಗುತ್ತಿತ್ತು. ಇದಕ್ಕೆ ಕಾಫಿ ಇಲ್ಲದಿರುವುದೇ ಕಾರಣವೆಂದು ಅವರು ಕಂಡುಹಿಡಿದರು.

"ನಿನ್ನ ಹರಕೆ ನನ್ನ ತಲೆ ತಿಂತಾ ಇದೆ ಕಣೇ. ಕಾಫಿ ಇಲ್ದೆ ಮಂಡೆ ಸಿಡೀತಾ ಇದೆ."

"ನನಗೂ ಸಿಡಿಯುತ್ತೆ. ಯಾರ ಹತ್ರ ಹೇಳ್ಕೊಳ್ಳಿ? ನಿಮ್ಮ ಎದೆ ನೆಟ್ಟಗಾಯ್ತಲ್ಲ, ಅಷ್ಟು ಸಾಕು. ಬನ್ನಿ ಇಲ್ಲಿ."

ಮುನಿಲಕ್ಷ್ಮಮ್ಮ ಗಂಡನ ತಲೆಯನ್ನು ದಿಂಬಿಗೆ ಒರಗಿಸಿ ಹಣೆಗೆ ನೋವಿನ ಮುಲಾಮು ಹಚ್ಚಿ ತಿಕ್ಕುತ್ತಿದ್ದರು. ಆ ಹೊತ್ತಿನಲ್ಲಿ ಮಾತ್ರ ಚಿಕ್ಕಬೈರಪ್ಪನವರಿಗೆ ನಾಚಿಕೆಯಾಗುತ್ತಿತ್ತು. ಚಕ್ಕುಬಂದಿಯನ್ನು ಇನ್ನೊಂದು ಸಲ ಮನಸ್ಸಿನಲ್ಲೇ ಓದಿಕೊಂಡು ಕಣ್ಣು ಮುಚ್ಚುತ್ತಿದ್ದರು.

ಇಷ್ಟರಲ್ಲಿ ಚನ್ನಬಸವಯ್ಯನವರು ಮನೆಗೆ ಬಂದರು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಅವರು ಕೆರೆ ದಂಡೆಯ ನಡಿಗೆದಾರರ ಬಳಗಕ್ಕೆ ಅಧ್ಯಕ್ಷರು. ಮೇ ತಿಂಗಳ ಕೊನೆಯ ದಿನ, ತಂಬಾಕು ವಿರೋಧಿ ದಿನದಂದು, ಚಟ ಬಿಟ್ಟ ಒಬ್ಬರನ್ನು ಹುಡುಕಿ ಶಾಲು ಹೊದಿಸುವುದು ಬಳಗದ ಪದ್ಧತಿ.

"ಹೋದ ವರ್ಷ ಸನ್ಮಾನ ಮಾಡಿಸ್ಕೊಂಡೋರು ಅದೇ ಶಾಲು ಹೊದ್ಕೊಂಡು ಅಂಗಡಿ ಹತ್ರ ಸೇದ್ತಾ ನಿಂತಿದ್ರು," ಎಂದು ಚನ್ನಬಸವಯ್ಯನವರು ಕಷಾಯದ ಲೋಟವನ್ನು ದೂರ ಸರಿಸಿದರು. "ಬಳಗದ ಮಾನ ಹೋಯ್ತು. ಈ ಸಲ ಪಕ್ಕಾ ಇರೋರು ಬೇಕು. ಮೊನ್ನೆ ಗುಡೀಲಿ ನಿಮ್ಮ ಮನೆಯವರು ಎಲ್ಲಾ ಹೇಳಿದ್ರು. ನೀವು ಸಿಗರೇಟು ಬಿಟ್ಟಿದ್ದೀರಿ ತಾನೇ?"

"ಸಿಗರೇಟು ಬಿಟ್ಟಿದ್ದೀನಿ," ಎಂದರು ಚಿಕ್ಕಬೈರಪ್ಪನವರು. ಆ ಮಾತಿನಲ್ಲಿ ಸುಳ್ಳಿನ ಅಂಶ ಎಳ್ಳಷ್ಟೂ ಇರಲಿಲ್ಲ. "ಆದ್ರೆ ಸನ್ಮಾನ ಎಲ್ಲಾ ಯಾಕೆ ಬಿಡಿ. ಎಲೆಮರೆಲಿ ಇರೋರು ನಾವು."

"ಎಲೆಮರೆ ಏನ್ರೀ?" ಒಳಗಿನಿಂದ ಮುನಿಲಕ್ಷ್ಮಮ್ಮ ಬಂದರು. "ಮಾಡಿಸ್ಕೊಳ್ಳಿ. ನಾನು ಕಾಫಿ ಬಿಟ್ಟಿದ್ದಕ್ಕೆ ಒಂದು ಶಾಲಾದ್ರೂ ಮನೆಗೆ ಬರ್ಲಿ."

ಹೀಗೆ ತೀರ್ಮಾನವಾಯಿತು. ಮುನಿಲಕ್ಷ್ಮಮ್ಮ ಬೀರುವಿನಿಂದ ಮೈಸೂರು ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹಾಕಿದರು. ಬಿಳೇಕಹಳ್ಳಿಯ ತವರಿಗೆಲ್ಲಾ ಫೋನು ಹೋಯಿತು. ಸಿದ್ದಾಪುರದಲ್ಲಿದ್ದ ನಾದಿನಿಗೆ, ಅಂದರೆ ಚಿಕ್ಕಬೈರಪ್ಪನವರನ್ನು "ನಮ್ಮಣ್ಣ ಯಾವುದನ್ನೂ ಬಿಡೋನಲ್ಲ" ಎಂದು ಎರಡು ವರ್ಷದ ಹಿಂದೆ ಅಣಕಿಸಿದ್ದವಳಿಗೆ, ಎರಡು ಸಲ ಹೋಯಿತು. ಹೆಂಡತಿ ಇಷ್ಟು ಸಂತೋಷವಾಗಿದ್ದನ್ನು ಚಿಕ್ಕಬೈರಪ್ಪನವರು ಫಿಲ್ಟರು ಅಟ್ಟ ಸೇರಿದ ಮೇಲೆ ನೋಡಿರಲಿಲ್ಲ. ಈಗ ಬಾಯಿಬಿಟ್ಟರೆ ಆ ಮುಖ ಹೇಗಾಗುತ್ತದೆ ಎಂಬುದನ್ನು ನೆನೆಸಿಕೊಂಡು ಅವರು ಟ್ಯಾಂಕು ನೋಡಲು ಹೊರಟುಬಿಡುತ್ತಿದ್ದರು. ಸನ್ಮಾನ ಮುಗಿದ ದಿನದಿಂದಲೇ ಹುಕ್ಕಾ ಬಿಟ್ಟುಬಿಡುವುದೆಂದು ನಿಶ್ಚಯಿಸಿ ಸಮಾಧಾನ ಮಾಡಿಕೊಂಡರು.

ಆ ದಿನ ಬಂತು. ಸಮಾರಂಭ ಸಂಜೆ ಆರಕ್ಕೆ. ಎರಡು ಮಾತು ಆಡಬೇಕು ಎಂದು ಹೇಳಿದ್ದರಿಂದ ಮಧ್ಯಾಹ್ನದಿಂದಲೇ ಚಿಕ್ಕಬೈರಪ್ಪನವರು ಒಳಗೂ ಹೊರಗೂ ಓಡಾಡುತ್ತಿದ್ದರು. "ಟ್ಯಾಂಕ್ ನೋಡ್ಕೊಂಡು ಬರ್ತೀನಿ" ಎಂದು ಮೇಲೆ ಹೋದರು.

"ಟೆನ್ಷನ್ ಮಾಡ್ಕೊಬೇಡಿ ಅಂಕಲ್," ಎಂದ ಕೈಲಾಸ್. "ಇವತ್ತು ನಿಮಗೋಸ್ಕರ ಡಬಲ್ ಆಪಲ್ ಫ್ಲೇವರ್. ಸನ್ಮಾನಕ್ಕೆ ನನ್ನ ಕಡೆಯಿಂದ."

ಇದೇ ಕೊನೆಯದೆಂದು ಚಿಕ್ಕಬೈರಪ್ಪನವರು ಅದನ್ನು ಮನಸ್ಸಿಟ್ಟು ಸೇದಿದರು. ಕೆಂಡ ಆರಿದಾಗ ಕೈಲಾಸ್ ಇನ್ನೊಂದು ಇಟ್ಟ. ಮುನಿಲಕ್ಷ್ಮಮ್ಮ ಕೆಳಗಿನಿಂದ ಕೂಗಿದ ಮೇಲೆ ಇಳಿದು, ಏಲಕ್ಕಿ ಅಗಿದು, ಜುಬ್ಬಾ ತೊಟ್ಟು ಹೊರಟರು.

ಕೆರೆಯ ಪಕ್ಕದ ಸಣ್ಣ ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ತುಂಬಿದ್ದವು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಚಿಕ್ಕಬೈರಪ್ಪನವರ ಮುಖ ಬಾಗಿಲಿನಷ್ಟು ದೊಡ್ಡದಾಗಿ ನಗುತ್ತಿತ್ತು. ಕೆಳಗೆ "ಹೊಗೆಯನ್ನು ಗೆದ್ದ ಧೀಮಂತ" ಎಂದು ಅಚ್ಚಾಗಿತ್ತು. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯ ಮುನಿಲಕ್ಷ್ಮಮ್ಮ, ಅವರ ಹಿಂದೆ ಆಟೋ ಸ್ಟ್ಯಾಂಡಿನ ಉಗ್ರಪ್ಪ. ಒಂದು ಕಾಲದಲ್ಲಿ ಉಗ್ರಪ್ಪನ ಬೆಂಕಿಪೊಟ್ಟಣ, ಚಿಕ್ಕಬೈರಪ್ಪನವರ ಸಿಗರೇಟು ಎಂಬ ಒಪ್ಪಂದದಲ್ಲಿ ಇಬ್ಬರೂ ಸೇದುತ್ತಿದ್ದರು. ಉಗ್ರಪ್ಪ ಇನ್ನೂ ಬಿಟ್ಟಿರಲಿಲ್ಲ. ಗೆಳೆಯನನ್ನು ನೋಡಿಯಾದರೂ ಬಿಡೋಣವೆಂದು ಬಂದಿದ್ದ.

ಮೊದಲು ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ. (ಬುಟ್ಟಿಯನ್ನು ಮುನಿಲಕ್ಷ್ಮಮ್ಮ ಅಲ್ಲಿಯೇ ವಶಪಡಿಸಿಕೊಂಡರು.) ಆಮೇಲೆ ಡಾಕ್ಟರ್ ವನಿತಾ ಮಾತಾಡಿದರು. ಚಟ ಬಿಡಿಸುವ ಚಿಕಿತ್ಸೆಯಲ್ಲಿ ಪಳಗಿದ ಹೆಣ್ಣುಮಗಳು. ಗದರಿಸದೆ, ನಗುನಗುತ್ತಾ ಹೇಳುವ ಸ್ವಭಾವ. ಮಾತು ಮುಗಿದಾಗ ಚನ್ನಬಸವಯ್ಯನವರೇ ಒಂದು ಪ್ರಶ್ನೆ ಎತ್ತಿದರು.

"ಈಗಿನ ಹುಡುಗ್ರು ಹುಕ್ಕಾ ಹುಕ್ಕಾ ಅಂತಾರಲ್ಲ ಮೇಡಂ, ಅದು ಸಿಗರೇಟಿಗಿಂತ ವಾಸಿನಾ? ನೀರಲ್ಲಿ ಹಾದು ಬರುತ್ತಂತೆ."

ಚಿಕ್ಕಬೈರಪ್ಪನವರು ಪೇಟ ಸರಿಮಾಡಿಕೊಂಡು ಕಿವಿಗೊಟ್ಟರು. ಇದೊಂದು ಮಾತನ್ನು ವಿದ್ಯಾವಂತರ ಬಾಯಿಂದ ಕೇಳಬೇಕೆಂದು ಅವರಿಗೆ ಬಹಳ ಆಸೆಯಿತ್ತು.

"ಎಲ್ಲರೂ ಹಾಗೇ ಅಂದ್ಕೊಂಡಿದ್ದಾರೆ ಸಾರ್," ಎಂದರು ಡಾಕ್ಟರ್ ವನಿತಾ. "ನೀರು ಹೊಗೇನ ತಣ್ಣಗೆ ಮಾಡುತ್ತೆ ಅಷ್ಟೇ, ತೊಳೆಯಲ್ಲ. ವಿಷ ಹೆಚ್ಚುಕಮ್ಮಿ ಹಾಗೇ ಒಳಗೆ ಹೋಗುತ್ತೆ. ತಣ್ಣಗಿರೋದ್ರಿಂದ ಗಂಟಲು ಉರಿಯಲ್ಲ, ಜನ ಇನ್ನೂ ಆಳಕ್ಕೆ ಎಳೀತಾರೆ. ಸಿಗರೇಟು ಐದು ನಿಮಿಷಕ್ಕೆ ಮುಗಿಯುತ್ತೆ. ಹುಕ್ಕಾ ಮುಂದೆ ಕೂತ್ರೆ ಒಂದು ಗಂಟೆ. ಆ ಒಂದು ಗಂಟೇಲಿ ಒಳಗೆ ಹೋಗೋ ಹೊಗೆ ಒಂದು ಸಿಗರೇಟಿನ ಹೊಗೆಗಿಂತ ನೂರು ಪಟ್ಟು, ಅದಕ್ಕೂ ಜಾಸ್ತಿ ಇರಬಹುದು. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಪೈಪು ಹೋದ್ರೆ ಕಾಯಿಲೆನೂ ಜೊತೇಲಿ ಹೋಗುತ್ತೆ."

ಸಭೆ ಲೊಚಗುಟ್ಟಿತು. ಚಿಕ್ಕಬೈರಪ್ಪನವರ ಬಾಯಿ ತಾನಾಗಿ ತೆರೆದುಕೊಂಡಿತು.

"ತಂಬಾಕೇ ಇಲ್ಲದ್ದೂ ಸಿಗುತ್ತಂತಲ್ಲ ಮೇಡಂ? ಹರ್ಬಲ್ಲು?"

"ಒಳ್ಳೇ ಪ್ರಶ್ನೆ ಕೇಳಿದ್ರಿ ಸಾರ್. ತಂಬಾಕು ಇಲ್ದಿದ್ರೂ ಮೇಲೆ ಇದ್ದಿಲು ಉರೀಲೇಬೇಕಲ್ಲ. ಅದರಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತಕ್ಕೆ ಸೇರಿ ಆಮ್ಲಜನಕದ ಜಾಗ ಹಿಡ್ಕೊಂಡ್ಬಿಡುತ್ತೆ. ಸೇದಿದೋರಿಗೆ ತಲೆನೋವು, ತಲೆಸುತ್ತು. ಅವರು ಬೇರೆ ಯಾವುದೋ ಕಾರಣ ಅಂದ್ಕೊತಾರೆ, ಪಾಪ."

ಒಳ್ಳೆಯ ಪ್ರಶ್ನೆ ಕೇಳಿದ್ದಕ್ಕೆ ಸಭೆ ಚಪ್ಪಾಳೆ ತಟ್ಟಿತು. ಮುನಿಲಕ್ಷ್ಮಮ್ಮನೂ ತಟ್ಟಿದರು. ಚಿಕ್ಕಬೈರಪ್ಪನವರ ಹಣೆ ಆಗಲೇ ಸಿಡಿಯಲು ಶುರುವಾಗಿತ್ತು.

ಡಾಕ್ಟರ್ ವನಿತಾ ಚೀಲದಿಂದ ಅಂಗೈಯಗಲದ ಒಂದು ಯಂತ್ರ ತೆಗೆದರು. ಅದಕ್ಕೊಂದು ಕಾಗದದ ಕೊಳವೆ. "ಇದರಲ್ಲಿ ಊದಿದ್ರೆ ಉಸಿರಲ್ಲಿ ಎಷ್ಟು ಕಾರ್ಬನ್ ಮೊನಾಕ್ಸೈಡ್ ಇದೆ ಅಂತ ನಂಬರ್ ತೋರಿಸುತ್ತೆ. ಸೇದದೆ ಇರೋರಿಗೆ ಒಂದು, ಎರಡು, ಹೆಚ್ಚಂದ್ರೆ ಐದಾರು. ಯಾರಾದ್ರೂ ಸೇದೋರು ಬರ್ತೀರಾ?"

ಉಗ್ರಪ್ಪ ಎದ್ದು ಬಂದು ಊದಿದ. ಕೆಂಪು ದೀಪ ಹತ್ತಿ ಹದಿನಾರು ಎಂದು ತೋರಿಸಿತು. ಉಗ್ರಪ್ಪ ತಲೆತಗ್ಗಿಸಿದ.

"ಬೈರಪ್ಪಣ್ಣನ ಕೈಲೂ ಊದ್ಸಿ ಮೇಡಂ," ಎಂದ. "ನಮ್ಮಣ್ಣಂದು ಸೊನ್ನೆ ಬರೋದು ಕಣ್ಣಾರೆ ನೋಡಿದ್ರೆ ನಂಗೂ ಬುದ್ಧಿ ಬರುತ್ತೆ."

"ಬೇಡ ಬೇಡ. ಪೇಟ ಬಿಗಿಯಾಗಿದೆ, ಊದಿದ್ರೆ ಬೀಳುತ್ತೆ," ಎಂದರು ಚಿಕ್ಕಬೈರಪ್ಪನವರು. ಬಿಗಿಯಾದದ್ದು ಬೀಳುವುದು ಹೇಗೆಂದು ಯಾರೂ ಕೇಳಲಿಲ್ಲ. ಚನ್ನಬಸವಯ್ಯನವರು ಪೇಟವನ್ನು ತೆಗೆದು ಎರಡು ಕೈಯಲ್ಲಿ ಹಿಡಿದು ನಿಂತರು. ಮುನಿಲಕ್ಷ್ಮಮ್ಮ ಫೋನು ಎತ್ತಿ ಫೋಟೋಗೆ ಸಿದ್ಧರಾದರು. ಇನ್ನು ದಾರಿಯಿರಲಿಲ್ಲ. ಚಿಕ್ಕಬೈರಪ್ಪನವರು ಉಸಿರು ಹಿಡಿದು, ಮಗುವಿಗೆ ಬಿಸಿ ಹಾಲು ಆರಿಸುವಷ್ಟು ಮೆಲ್ಲಗೆ ಊದಿದರು. "ಪೂರ್ತಿ, ಪೂರ್ತಿ" ಎಂದು ಡಾಕ್ಟರು ಹುರಿದುಂಬಿಸಿದರು.

ಯಂತ್ರ ಬಡಬಡನೆ ಏರಿ ಐವತ್ತೆರಡಕ್ಕೆ ನಿಂತು ಕಿರುಚಿಕೊಂಡಿತು.

ಡಾಕ್ಟರ್ ವನಿತಾ ಅದನ್ನು ಅಲುಗಾಡಿಸಿದರು. ಕೊಳವೆ ಬದಲಿಸಿ ತಾವೇ ಊದಿದರು: ಒಂದು. ಮತ್ತೆ ಚಿಕ್ಕಬೈರಪ್ಪನವರ ಕೈಯಲ್ಲಿ ಊದಿಸಿದರು: ಐವತ್ತಮೂರು. ಅವರ ನಗು ಮಾಯವಾಯಿತು.

"ಸಾರ್, ಮನೇಲಿ ಗ್ಯಾಸ್ ಗೀಸರ್ ಇದೆಯಾ? ಇದು ಸಣ್ಣ ವಿಷಯ ಅಲ್ಲ."

ಮುನಿಲಕ್ಷ್ಮಮ್ಮ ಎದ್ದು ಮೈಕ್ ತೆಗೆದುಕೊಂಡರು. "ನಮ್ದು ಸೋಲಾರು ಮೇಡಂ."

"ಜನರೇಟರ್? ಮುಚ್ಚಿದ ರೂಮಲ್ಲಿ ಇದ್ದಿಲು ಹಚ್ಚೋದು?"

"ಅಯ್ಯೋ, ಅದೆಲ್ಲಾ ಇಲ್ಲ. ಇವರು ಇವತ್ತು ಎಲ್ಲಿಗೂ ಹೋಗಿಲ್ಲ. ಟ್ಯಾಂಕ್ ನೋಡಕ್ಕೆ ಒಂದು ಗಂಟೆ ಮೇಲಿದ್ರು, ಅಷ್ಟೇ."

"ಬನಶಂಕರಿ ಕಡೆ ಟ್ರಾಫಿಕ್ ಹೊಗೆ ಏನಾದ್ರೂ ಗಾಳೀಲಿ..." ಎಂದು ಚನ್ನಬಸವಯ್ಯನವರು ಬಳಗದ ಮಾನವನ್ನು ಉಳಿಸಲು ನೋಡಿದರು.

ಮುನಿಲಕ್ಷ್ಮಮ್ಮ ಮೈಕನ್ನು ಬಿಟ್ಟಿರಲಿಲ್ಲ. ಬ್ಯಾನರಿನಲ್ಲಿ ನಗುತ್ತಿದ್ದ ಗಂಡನನ್ನು ಒಂದು ಸಲ ನೋಡಿದರು, ಅದರ ಕೆಳಗೆ ಕೂತಿದ್ದ ಗಂಡನನ್ನು ಒಂದು ಸಲ ನೋಡಿದರು.

"ಮೇಡಂ, ಆ ಹುಕ್ಕಾ ಅಂದ್ರಲ್ಲ. ಅದು ಯಾವ ವಾಸನೆ ಬರುತ್ತೆ?"

"ಹಣ್ಣಿಂದು ಅಮ್ಮ. ದ್ರಾಕ್ಷಿ, ಸೇಬು, ಕಲ್ಲಂಗಡಿ. ಪಾನ್ ವಾಸನೇದೂ ಇರುತ್ತೆ. ಯಾಕೆ?"

"ಏನಿಲ್ಲ," ಎಂದು ಮುನಿಲಕ್ಷ್ಮಮ್ಮ ಮೈಕನ್ನು ಹಿಂದಿರುಗಿಸಿ ಕೂತರು.

ಸಭೆಯಲ್ಲಿ ಒಬ್ಬೊಬ್ಬರಿಗೇ ಅರ್ಥವಾಗುತ್ತಾ ಹೋಯಿತು. ಕೊನೆಗೆ ಅರ್ಥವಾದದ್ದು ಉಗ್ರಪ್ಪನಿಗೆ. "ಹಂಗಾದ್ರೆ ನಂದು ಹದಿನಾರೇ," ಎಂದು ಅವನು ಎದೆ ಸೆಟೆಸಿ ನಿಂತ.

"ಅಂದ್ರೆ ಸಿಗರೇಟು ವಾಸಿ ಅಂತಲ್ಲ ಉಗ್ರಪ್ಪನವರೇ," ಎಂದು ಡಾಕ್ಟರು ಅವಸರದಲ್ಲಿ ಹೇಳಿದರು. "ಎರಡೂ ಜೀವ ತೆಗೆಯುತ್ತೆ." ಆದರೆ ಚಪ್ಪಾಳೆ ಆಗಲೇ ಬಿದ್ದುಹೋಗಿತ್ತು. ಚನ್ನಬಸವಯ್ಯನವರು ತಮ್ಮ ಕೈಯಲ್ಲಿದ್ದ ಪೇಟವನ್ನು ಚಿಕ್ಕಬೈರಪ್ಪನವರ ತಲೆಗೆ ಹಿಂದಿರುಗಿಸಲಿಲ್ಲ.

ಮನೆಯ ದಾರಿಯಲ್ಲಿ ಬೈಗುಳಕ್ಕೆ ಚಿಕ್ಕಬೈರಪ್ಪನವರು ತಯಾರಾಗಿದ್ದರು. ಬೈಗುಳ ಬರಲಿಲ್ಲ. ಮುನಿಲಕ್ಷ್ಮಮ್ಮ ಅಮ್ಮನ ಗುಡಿಯ ಮುಂದೆ ನಿಂತು, "ನೀವು ಇಲ್ಲೇ ಇರಿ" ಎಂದು ಒಳಗೆ ಹೋಗಿ ಸಾವಕಾಶವಾಗಿ ಹೊರಬಂದರು. ಆಮೇಲೆ ಕಾಫಿಪುಡಿ ಅಂಗಡಿಗೆ ಹೋದರು. ಕಾಲು ಕಿಲೋ, ಚಿಕೋರಿ ಬೇಡ, ಎಂದು ಕಣ್ಣೆದುರಿಗೇ ಬೀಜ ಪುಡಿ ಮಾಡಿಸಿ ಬಿಸಿ ಪೊಟ್ಟಣವನ್ನು ಗಂಡನ ಕೈಯಲ್ಲಿಟ್ಟರು. ಶಾಲು ಹೊದ್ದು, ಹಾರ ಹಾಕಿಕೊಂಡು, ಪೊಟ್ಟಣ ಎದೆಗವುಚಿಕೊಂಡು ನಡೆಯುವಾಗ ಚಿಕ್ಕಬೈರಪ್ಪನವರಿಗೆ ಮೆಲ್ಲಗೆ ಧೈರ್ಯ ಬಂತು. ಕೋಪ ಬಂದವರು ಯಾರಾದರೂ ಕಾಫಿಪುಡಿ ಕೊಳ್ಳುತ್ತಾರೆಯೇ? ಗುಡಿಯಲ್ಲಿ ಅಮ್ಮನೇ ಸಮಾಧಾನ ಹೇಳಿ ಕಳಿಸಿರಬೇಕು ಎಂದುಕೊಂಡರು.

ಮನೆಗೆ ಬಂದು ಫಿಲ್ಟರು ಅಟ್ಟದಿಂದ ಇಳಿಯಿತು. ಎರಡು ವರ್ಷದ ಮೇಲೆ ಆ ಮನೆಯಲ್ಲಿ ಡಿಕಾಕ್ಷನ್ನಿನ ಘಮ ಎದ್ದಾಗ ಚಿಕ್ಕಬೈರಪ್ಪನವರ ಕಣ್ಣು ಒದ್ದೆಯಾಯಿತು. ಅಂಗೈ ಉಜ್ಜಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಮುನಿಲಕ್ಷ್ಮಮ್ಮ ಒಂದೇ ಲೋಟ ಹಿಡಿದು ಬಂದು, ಎದುರಿಗೆ ಕೂತು, ನೊರೆಯನ್ನು ಊದಿ, ಕುಡಿದರು. ಕಣ್ಣುಮುಚ್ಚಿ ಇನ್ನೊಂದು ಗುಟುಕು ಎಳೆದರು.

"ನಂದು?" ಎಂದರು ಚಿಕ್ಕಬೈರಪ್ಪನವರು.

"ನಿಮ್ದೇನು?"

"ಕಾಫಿ."

"ಎರಡು ವರ್ಷ ರೀ," ಎಂದರು ಮುನಿಲಕ್ಷ್ಮಮ್ಮ. ದನಿ ಏರಲಿಲ್ಲ. "ಬೆಳಿಗ್ಗೆ ಎದ್ರೆ ಕಣ್ಣು ಬಿಡಕ್ಕಾಗ್ತಿರ್ಲಿಲ್ಲ ನನಗೆ. ಗೋಡೆ ಹಿಡ್ಕೊಂಡು ನಿಂತಿರ್ತಿದ್ದೆ. ಇವರು ಉಸಿರಾಡ್ತಾ ಇದ್ದಾರಲ್ಲ, ಸಾಕು ಅಂತ ಸುಮ್ನಿರ್ತಿದ್ದೆ. ಅದ್ರ ಮೇಲೆ ನಿಮ್ಮ ಹಣೆಗೆ ಮುಲಾಮು ಬೇರೆ ತಿಕ್ಕಿದ್ದೀನಿ. ಆ ತಲೆನೋವು ಎಲ್ಲಿಂದ ಬಂತು ಅಂತ ಇವತ್ತು ಗೊತ್ತಾಯ್ತು."

ಚಿಕ್ಕಬೈರಪ್ಪನವರಿಗೆ ನಿಜವಾಗಿಯೂ ದುಃಖವಾಯಿತು. ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತೋ ಏನೋ. ಆದರೆ ಸೈಟು ಮಾರಿದ ನಾಲಿಗೆ ಅಡ್ಡಬಂತು.

"ಹರಕೇಲಿ ಬರೀ ಬೀಡಿ ಸಿಗರೇಟು ಅಂತ ತಾನೇ ಇದ್ದದ್ದು? ಹುಕ್ಕಾ ಅಂತ ಎಲ್ಲೂ ಹೇಳಿರ್ಲಿಲ್ವಲ್ಲೇ."

"ಹೌದು. ಅದು ನನ್ನ ತಪ್ಪೇ," ಎಂದು ಮುನಿಲಕ್ಷ್ಮಮ್ಮ ತಕ್ಷಣ ಒಪ್ಪಿಕೊಂಡರು. "ಅದಕ್ಕೇ ಈಗ ಗುಡೀಲಿ ಸರಿಯಾಗಿ ಹೇಳ್ಕೊಂಡು ಬಂದೆ. ಬೀಡಿ, ಸಿಗರೇಟು, ಹುಕ್ಕಾ, ಹುಡುಗ್ರು ಪೆನ್ನಿನ ತರ ಬಾಯಿಗಿಟ್ಕೊತಾರಲ್ಲ ಅದು. ಹೊಗೆ ಬರೋದು ಯಾವುದೂ ಇವರು ಮುಟ್ಟಲ್ಲ, ಹಬೆ ಬರೋದು ಯಾವುದೂ ಮುಟ್ಟಲ್ಲ ಅಂತ. ಮುಟ್ಟಿದ್ರೆ ನಾನು ಅಡುಗೆ ಬಿಡ್ತೀನಿ ಅಂತ ಅಂದಿದ್ದೀನಿ. ಊಟ ಬಿಡ್ತೀನಿ ಅಂತಲ್ಲ. ಮಾಡೋದನ್ನ ಬಿಡ್ತೀನಿ ಅಂತ."

ಚಿಕ್ಕಬೈರಪ್ಪನವರು ಅದನ್ನು ಎರಡು ಸಲ ಮನಸ್ಸಿನಲ್ಲಿ ತಿರುವಿ ನೋಡಿದರು. ಎಲ್ಲಿಯೂ ಸಂದಿ ಕಾಣಲಿಲ್ಲ. ಒಂದು ಮಾತು ಮಾತ್ರ ತಿಳಿಯಲಿಲ್ಲ.

"ಹಬೆ ಬರೋದು ಅಂದ್ರೆ?"

ಮುನಿಲಕ್ಷ್ಮಮ್ಮ ಕೈಯಲ್ಲಿದ್ದ ಲೋಟವನ್ನು ಸ್ವಲ್ಪ ಮುಂದೆ ಹಿಡಿದರು. ಕಾಫಿಯ ಮೇಲಿನಿಂದ ಹಬೆ ಸಣ್ಣಗೆ ಏಳುತ್ತಿತ್ತು.

"ಕಷಾಯ ಆರಿಸಿ ಕೊಡ್ತೀನಿ," ಎಂದರು. "ಮುದ್ದೇನೂ ಆರಿದ ಮೇಲೇನೇ."

ಮಾರನೆಯ ಸಂಜೆ ಚಿಕ್ಕಬೈರಪ್ಪನವರು ಅಭ್ಯಾಸಬಲದಿಂದ ಚಪ್ಪಲಿ ಮೆಟ್ಟುವಷ್ಟರಲ್ಲಿ ಮುನಿಲಕ್ಷ್ಮಮ್ಮ ಎರಡು ಲೋಟ ಕಾಫಿ ಹಿಡಿದು ಹೊರಗೆ ಬಂದರು. "ನೀವು ಕೂತ್ಕೊಳ್ಳಿ. ಟ್ಯಾಂಕ್ ನಾನು ನೋಡ್ಕೊಂಡು ಬರ್ತೀನಿ."

ಎರಡನೆಯ ಲೋಟ ಕೈಲಾಸನಿಗೆ. ಮನೆ ಖಾಲಿ ಮಾಡಿಸುತ್ತಾರೆಂದು ಹೆದರಿ ಅವನು ಬೆಳಿಗ್ಗೆಯೇ ಹುಕ್ಕಾದ ಗಾಜಿನ ಬುರುಡೆಯನ್ನು ತಂದೊಪ್ಪಿಸಿದ್ದ. ಮುನಿಲಕ್ಷ್ಮಮ್ಮ ಅದನ್ನು ಮೂರು ನೀರಿನಲ್ಲಿ ತೊಳೆದು, ಮಣ್ಣು ತುಂಬಿ, ದೊಡ್ಡಪತ್ರೆ ನೆಟ್ಟು ಟ್ಯಾಂಕಿನ ಪಕ್ಕ ಇಟ್ಟಿದ್ದರು. ಕೆಮ್ಮಿಗೆ ಒಳ್ಳೆಯದಂತೆ.

ಕೆಳಗೆ ಚಿಕ್ಕಬೈರಪ್ಪನವರು ತಣ್ಣನೆಯ ಕಷಾಯ ಹಿಡಿದು ಕೂತಿದ್ದರು. ಮೆಟ್ಟಿಲಿನ ಕಡೆಯಿಂದ ಕಾಫಿಯ ಘಮ ಇಳಿದು ಬರುತ್ತಿತ್ತು, ಅದರ ಹಿಂದೆ ಇಬ್ಬರ ನಗು. ತುಂಬಿದ ಟ್ಯಾಂಕು ಉಕ್ಕಿ ನೀರು ಗೋಡೆಗುಂಟ ಸುರಿಯುತ್ತಿತ್ತು.

"ಟ್ಯಾಂಕ್ ತುಂಬಿದೆ ಕಣೇ," ಎಂದು ಅವರು ಕೂಗಿ ಹೇಳಿದರು.

"ನೋಡ್ತಾ ಇದ್ದೀನಿ ರೀ," ಎಂದು ಮೇಲಿನಿಂದ ಉತ್ತರ ಬಂತು. "ಇನ್ನೊಂದು ಗಂಟೆ ಆಗುತ್ತೆ."